ಬೇರೆಯವರ ಪ್ಲಗಿನ್, ನಮ್ಮ ಕಾಗುಣಿತ

ಕಾಡು, ಕೇಡು, ಕೂಡು. ಪೈಥಾನ್‌ನ ಜಾಂಗೊ ಚೌಕಟ್ಟಿಗೆ ಟ್ಯಾಗ್ ಸೌಲಭ್ಯ ಜೋಡಿಸುವ ಜಾಂಗೊ-ಟ್ಯಾಗಿಟ್ ಎಂಬ ಪ್ಲಗಿನ್ ಅಳವಡಿಸಿದ ಜಾಲತಾಣಕ್ಕೆ ಈ ಮೂರು ಪದಗಳನ್ನು ಟ್ಯಾಗ್ ಆಗಿ ಕೊಟ್ಟರೆ ಅದು ಅವುಗಳ ವಿಳಾಸಕ್ಕೆಂದು ಕಟ್ಟುವ ರೂಪ ಒಂದೇ: ‘ಕಡ’. ಮೊದಲು ಬಂದ ಪದಕ್ಕೆ ‘ಕಡ’, ಆಮೇಲಿನವಕ್ಕೆ ‘ಕಡ_1’, ‘ಕಡ_2’. ಸಂತೆಯಲ್ಲಿ ಎಲ್ಲರನ್ನೂ ಒಂದೇ ಹೆಸರಿಂದ ಕೂಗಿದ ಹಾಗೆ!

ತಪ್ಪು ಪ್ಲಗಿನ್ನಿನದಲ್ಲ. ಅದು ಜಾಂಗೊದ ಸ್ಲಗಿಫೈ ಎಂಬ ಸಲಕರಣೆಯನ್ನು ನಂಬಿದೆ. ಆ ಸಲಕರಣೆ ಪೈಥಾನ್‌ನ ಹುಡುಕು-ಸೂತ್ರವನ್ನು (ರೆಗೆಕ್ಸ್) ನಂಬಿದೆ. ಪೈಥಾನ್ ಲೆಕ್ಕದಲ್ಲಿ ಪದವೆಂದರೆ ಅಕ್ಷರ, ಅಂಕಿ ಮತ್ತು ಅಡಿಗೆರೆ. ಯೂನಿಕೋಡ್ ನಮ್ಮ ಸ್ವರಚಿಹ್ನೆ, ಅನುಸ್ವಾರ, ವಿರಾಮಗಳನ್ನು ‘ಗುರುತು’ಗಳ ಸಾಲಿಗೆ ಸೇರಿಸಿದೆ. ಹಾಗಾಗಿ ಅವೆಲ್ಲ ಉದುರುತ್ತವೆ. ‘ಕನ್ನಡ’ವೂ ‘ಕನನಡ’ ಆಗುತ್ತದೆ.

ಇಷ್ಟಾದರೂ ಈ ಪ್ಲಗಿನ್ನನ್ನು ಮೆಚ್ಚಲೇಬೇಕು. ಡೆಲಿಶಿಯಸ್ (2003), ಫ್ಲಿಕರ್ (2004) ತಾಣಗಳು ಟ್ಯಾಗ್ ಹಚ್ಚುವ ಚಟ ಹಿಡಿಸಿದ ಮೇಲೆ ಪ್ರತಿ ತಂತ್ರಾಂಶ ತಂಡವೂ ಅದನ್ನೇ ಹೊಸದಾಗಿ ಬರೆಯುತ್ತಾ ಕೂರುವುದು ದಂಡ ಅನ್ನಿಸತೊಡಗಿತ್ತು. ಪ್ರೋಗ್ರಾಮರ್ ಅಲೆಕ್ಸ್ ಗೇನರ್ 2010ರ ಹೊತ್ತಿಗೆ ಕೊಟ್ಟ ಟ್ಯಾಗಿಟ್‌ನಲ್ಲಿ ಇರುವುದು ಎರಡೇ ಕೋಷ್ಟಕ. ಒಂದರಲ್ಲಿ ಟ್ಯಾಗ್‌ಗಳು, ಇನ್ನೊಂದರಲ್ಲಿ ಯಾವ ಟ್ಯಾಗ್ ಯಾವ ಬಗೆಯ, ಎಷ್ಟನೇ ವಸ್ತುವಿಗೆ ಅಂಟಿದೆ ಎಂಬ ಲೆಕ್ಕ. ವಸ್ತು ಲೇಖನವೋ ಚಿತ್ರವೋ ಅಡುಗೆ ವಿಧಾನವೋ, ಪ್ಲಗಿನ್ನಿಗೆ ಬೇಕಿಲ್ಲ. ಬ್ರಿಟನ್ನಿನ ಟಾರ್ಚ್‌ಬಾಕ್ಸ್ ಸಂಸ್ಥೆ 2014ರಲ್ಲಿ ಬಿಡುಗಡೆ ಮಾಡಿದ, ಜಾಲತಾಣ ನಿರ್ವಹಿಸುವ ತಂತ್ರಾಂಶ ವ್ಯಾಗ್‌ಟೇಲ್ ತನ್ನ ಚಿತ್ರ, ದಾಖಲೆಗಳಿಗೆ ಇದನ್ನೇ ಜೋಡಿಸಿಕೊಂಡದ್ದು ಈ ನಿರ್ಲಿಪ್ತತೆಯ ಬಲದಿಂದ.

ಎರವಲು ತಂದವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಕಡತವನ್ನೇ ನಕಲು ಮಾಡಿ ಒಳಗೆ ಕೈ ಹಾಕಿ ತಿದ್ದುತ್ತಾರೆ. ಮುಂದಿನ ಆವೃತ್ತಿ ಬಂದಾಗ ತಿದ್ದುಪಡಿ ಹೋಯಿತು, ಇಲ್ಲವೇ ಆವೃತ್ತಿಯೇ ಬೇಡವಾಯಿತು. ಟ್ಯಾಗಿಟ್ ಇದಕ್ಕೆಂದೇ ಬಾಗಿಲು ಇಟ್ಟಿದೆ. ಟ್ಯಾಗ್‌ಬೇಸ್ ಎಂಬ ಮೂಲ ಮಾದರಿಯಿಂದ ಸ್ವಂತ ಟ್ಯಾಗ್ ಮಾದರಿ ಮಾಡಿಕೊಂಡು, ಸ್ಲಗಿಫೈ ಎಂಬ ಒಂದೇ ಕ್ರಿಯೆಯನ್ನು ಬದಲಿಸಿ ಕಾಗುಣಿತ ಉಳಿಸುವಂತೆ ಬರೆದು, ಟ್ಯಾಗನ್ನು ವಸ್ತುವಿಗೆ ಅಂಟಿಸುವ ಎರಡನೇ ಕೋಷ್ಟಕದ ಮಾದರಿಯನ್ನೂ ಅದಕ್ಕೆ ತಕ್ಕಂತೆ ಮಾಡಿಕೊಂಡರೆ ಸಾಕು. ಅನ್ಯಲಿಪಿಯನ್ನು ರೋಮನ್‌ಗೆ ಇಳಿಸುವ ಸಿದ್ಧ ಆಯ್ಕೆಯೂ ಉಂಟು. ಕನ್ನಡ ತಾಣಕ್ಕೆ ಅದು ಸೋತವರ ದಾರಿ.

ಸ್ವಂತ ಮಾದರಿಯ ಕೆಲಸವನ್ನು ಮೊದಲ ದಿನವೇ ಮಾಡಬೇಕು. ಸಾವಿರಾರು ಲೇಖನ ತುಂಬಿದ ಮೇಲೆ ಮಾದರಿ ಬದಲಿಸಿದರೆ ಹಳೆಯ ದತ್ತಾಂಶ ಸಾಗಿಸುವ ಕೆಲಸ ತಲೆಗೆ ಬರುತ್ತದೆ, ಹಂಚಿಹೋದ ಕೊಂಡಿಗಳೂ ಮುರಿಯುತ್ತವೆ.

ಇನ್ನೊಂದು ಚಿಕ್ಕ ಕಿರಿಕಿರಿ: ಅಲ್ಪವಿರಾಮ ಹಾಕದೆ ‘ಜಾನಪದ ಸಾಹಿತ್ಯ’ ಎಂದು ಬರೆದರೆ ಟ್ಯಾಗಿಟ್ ಅದನ್ನು ಎರಡು ಟ್ಯಾಗ್ ಎಂದುಕೊಳ್ಳುತ್ತದೆ. ಅದನ್ನೂ ಹೊರಗಿನಿಂದಲೇ ಬದಲಿಸಬಹುದು.

ಟ್ಯಾಗಿಟ್‌ನ ಪರವಾನಗಿ ಬಿಎಸ್‌ಡಿ. ಹಕ್ಕುಸ್ವಾಮ್ಯದ ಸೂಚನೆ ಅಳಿಸದಿದ್ದರೆ ಮಾರುವ ತಂತ್ರಾಂಶದಲ್ಲೂ ಬಳಸಬಹುದು. ತಿದ್ದಿದ್ದನ್ನು ವಾಪಸು ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ಆದರೂ ಹಿಂದಿ, ತಮಿಳು, ಬಂಗಾಳಿಯ ಸ್ವರಚಿಹ್ನೆಗಳೂ ಇದೇ ಜರಡಿಯಲ್ಲಿ ಸೋರಿಹೋಗುತ್ತಿರುವಾಗ, ಕನ್ನಡದ ಪ್ರೋಗ್ರಾಮರುಗಳು ತಮ್ಮ ತಿದ್ದುಪಡಿಯನ್ನು ಪರೀಕ್ಷೆಗಳ ಸಮೇತ ಮೂಲ ಯೋಜನೆಗೇ ಕಳಿಸಿಕೊಡಲಿ.