ಸೂಜಿ, ನೂಲು, ನಾರು: ಪ್ರತಿಷ್ಠಾಪನ ಕಲೆಯಲ್ಲಿ ಸ್ತ್ರೀಶ್ರಮದ ಗೌರವ

ಸ್ತ್ರೀಯರು ಪರಂಪರೆಯಿಂದ ನಡೆಸಿಕೊಂಡು ಬಂದ ಕೈಕಸುಬುಗಳನ್ನೇ ಸಾಮಗ್ರಿಯಾಗಿ ಬಳಸಿ, ಚರಿತ್ರೆಯಲ್ಲಿ ಅವರಿಗೆ ಸಲ್ಲದೆ ಹೋದ ಗೌರವವನ್ನು ಸಲ್ಲಿಸಲು ಯತ್ನಿಸುವ ಕಲಾಕೃತಿಗಳು ಕಳೆದ ಅರ್ಧ ಶತಮಾನದಲ್ಲಿ ಹುಟ್ಟಿವೆ. ಒಂದು ಆವರಣವನ್ನು ವಸ್ತುಗಳಿಂದ ತುಂಬಿ, ನೋಡುವವನು ಅವುಗಳ ನಡುವೆ ಸಂಚರಿಸುವಂತೆ ಮಾಡುವ ಈ ಬಗೆಗೆ ಪ್ರತಿಷ್ಠಾಪನ ಕಲೆಯೆಂದು ಹೆಸರು. ಇಂತಹ ಕೃತಿ ಗೌರವಿಸುವುದು ಯಾರನ್ನು? ಹೆಸರಾಂತ ಸ್ತ್ರೀಯರನ್ನೇ, ಅಥವಾ ಕಸುಬನ್ನು ಉಳಿಸಿದ ಹೆಸರಿಲ್ಲದ ಕೈಗಳನ್ನೇ? ಎರಡು ಕೃತಿಗಳ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಶೀಲನೆಗೆ ಬೇಕಾದ ಅಳತೆಗೋಲನ್ನು ದೂರದಿಂದ ತರಬೇಕಾಗಿಲ್ಲ. ಎಲ್ಲೂರನ್ನೊಳಗೊಂಡ ಕಾಪು ತಾಲ್ಲೂಕಿನಲ್ಲಿ, ಶಂಕರಪುರದ ಹೆಸರಿನಿಂದ ಪ್ರಸಿದ್ಧವಾದ ಮಲ್ಲಿಗೆಯನ್ನು ಕಟ್ಟುವುದು ಬಹುಮಟ್ಟಿಗೆ ಮನೆಯ ಹೆಂಗಸರ ಕೆಲಸ. ಮೊಗ್ಗು ಬಿರಿಯುವ ಮೊದಲೇ ಕೊಯ್ದು, ಬಾಳೆಯ ನಾರಿನಿಂದ ಕಟ್ಟಬೇಕು. ೮೦೦ ಮೊಗ್ಗು ಸೇರಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮಾರುಕಟ್ಟೆಯಲ್ಲಿ ದರ ನಿಗದಿಯಾಗುವುದು ಅಟ್ಟೆಗೆ. ಎಂದರೆ, ಒಂದು ಅಟ್ಟೆಗೆ ಬೆಲೆ ಹೇಳುವ ಮೊದಲು ೩೨೦೦ ಮೊಗ್ಗುಗಳು ಒಂದೊಂದಾಗಿ ಬೆರಳುಗಳ ನಡುವೆ ಹಾದುಹೋಗಿರುತ್ತವೆ. ಆ ಹೂವು ಎಲ್ಲೂರಿನ ವಿಶ್ವೇಶ್ವರನ ಸನ್ನಿಧಿಗೆ ಸಂದರೂ, ಮದುಮಗಳ ಜಡೆಗೆ ಏರಿದರೂ, ಮರುದಿನಕ್ಕೆ ಉಳಿಯುವುದಿಲ್ಲ. ದಾನ ಕೊಟ್ಟವನ ಹೆಸರನ್ನು ಶಾಸನದ ಕಲ್ಲು ಉಳಿಸುತ್ತದೆ. ಕಟ್ಟಿದವಳ ಹೆಸರನ್ನು ನಾರು ಉಳಿಸದು. ಸ್ತ್ರೀಶ್ರಮವನ್ನು ಗೌರವಿಸುತ್ತೇನೆನ್ನುವ ಕೃತಿ ಈ ಬಗೆಯ ಶ್ರಮಕ್ಕೆ ಏನು ಸ್ಥಾನ ಕೊಡುತ್ತದೆಂದು ಕೇಳುವುದು ನ್ಯಾಯವೇ ಆಗಿದೆ.

ಈ ಪ್ರಕಾರದ ಅತ್ಯಂತ ಖ್ಯಾತ ಕೃತಿ, ಅಮೆರಿಕದ ಜೂಡಿ ಶಿಕಾಗೊ ೧೯೭೪ರಿಂದ ೧೯೭೯ರವರೆಗೆ ರಚಿಸಿದ ‘ದಿ ಡಿನ್ನರ್ ಪಾರ್ಟಿ’. ೨೦೦೭ರಿಂದ ಅದು ನ್ಯೂಯಾರ್ಕಿನ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಶಾಶ್ವತವಾಗಿ ನೆಲೆಗೊಂಡಿದೆ. ತ್ರಿಕೋನಾಕಾರದ ಊಟದ ಮೇಜು; ಒಂದೊಂದು ಬದಿ ೪೮ ಅಡಿ; ೩೯ ಸ್ತ್ರೀಯರಿಗೆ ಎಡೆ. ಪ್ರತಿಯೊಂದು ಎಡೆಯಲ್ಲೂ ಪಿಂಗಾಣಿ ತಟ್ಟೆ, ಅದರಡಿಯಲ್ಲಿ ಕಸೂತಿಯ ವಸ್ತ್ರ. ನೆಲದ ಬಿಲ್ಲೆಗಳ ಮೇಲೆ ಮತ್ತೆ ೯೯೯ ಹೆಸರುಗಳು. ಭಾರತದಿಂದ ಎಡೆ ದೊರೆತದ್ದು ಕಾಳಿಗೆ. ಮನೆಯ ಕೆಲಸವೆಂದು ಕಲೆಯ ಪಂಕ್ತಿಯಿಂದ ಎಬ್ಬಿಸಿದ್ದ ಹೊಲಿಗೆಯನ್ನೂ ಪಿಂಗಾಣಿಯ ಚಿತ್ರಣವನ್ನೂ ಈ ಕೃತಿ ಮರಳಿ ಪಂಕ್ತಿಗೆ ಕರೆದದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಎಡೆ ಸಂದದ್ದು ದೇವಿಯರಿಗೆ, ರಾಣಿಯರಿಗೆ, ಕವಯಿತ್ರಿಯರಿಗೆ, ವಿದುಷಿಯರಿಗೆ. ಕೃತಿಯನ್ನು ಸಿದ್ಧಪಡಿಸಲು ನೂರಾರು ಮಂದಿ ದುಡಿದರು. ಸಹಾಯಕರನ್ನು ಪ್ರತ್ಯೇಕ ಫಲಕಗಳಲ್ಲಿ ಸ್ಮರಿಸಿದ್ದರೂ ಮೇಜಿನ ಬಳಿ ಅವರಿಗೆ ಸ್ಥಾನವಿಲ್ಲ. ಸೂಜಿ ಇಲ್ಲಿ ಬಡಿಸುತ್ತದೆಯೇ ಹೊರತು ಊಟಕ್ಕೆ ಕುಳಿತುಕೊಳ್ಳುವುದಿಲ್ಲ.

ಕನ್ನಡನಾಡಿನ ಕಲಾವಿದೆ ಶೀಲಾ ಗೌಡರ ಮಾರ್ಗ ಬೇರೆ. ೧೯೫೭ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಇವರು ಚಿತ್ರಕಲೆಯಿಂದ ತೊಡಗಿ, ೧೯೯೦ರ ದಶಕದಲ್ಲಿ ಸಗಣಿ, ಕುಂಕುಮ, ನೂಲುಗಳಂತಹ, ಹೆಣ್ಣಿನ ಕೈಗೆ ನಿತ್ಯಪರಿಚಿತವಾದ ದ್ರವ್ಯಗಳತ್ತ ಹೊರಳಿದರು. ‘ಅವನಿಗೆ ನನ್ನ ನೋವನ್ನು ಹೇಳು’ ಎಂಬ ಅರ್ಥದ ಶೀರ್ಷಿಕೆಯುಳ್ಳ, ೧೯೯೮ರಲ್ಲಿ ಮೊದಲು ರೂಪುಗೊಂಡ ಕೃತಿಯಲ್ಲಿ, ಉದ್ದನೆಯ ನೂಲನ್ನು ಸೂಜಿಯ ಕಣ್ಣಿನಲ್ಲಿ ಮಧ್ಯದವರೆಗೆ ಎಳೆದು ಮಡಿಸಲಾಗಿದೆ. ಅಂತಹ ಹಲವು ಎಳೆಗಳನ್ನು ಕುಂಕುಮದ ಕೆಂಪು ಮತ್ತು ಅಂಟಿನಿಂದ ಕೂಡಿಸಿದಾಗ ಹಗ್ಗವಾಗುತ್ತದೆ. ಹಗ್ಗ ಗೋಡೆಯನ್ನೂ ನೆಲವನ್ನೂ ಹಾವಿನಂತೆ ಬಳಸುತ್ತದೆ; ತುದಿಯಲ್ಲಿ ಸೂಜಿಗಳ ಗೊಂಚಲು ತೂಗುತ್ತದೆ. ಹೊಲಿದ ಬಟ್ಟೆ ಎಲ್ಲಿಯೂ ಇಲ್ಲ. ಹೊಲಿಗೆಗೆ ಮುನ್ನ ನೂಲು ಪೋಣಿಸುವ, ಯಾರೂ ಲೆಕ್ಕಕ್ಕೆ ಹಿಡಿಯದ ಕ್ರಿಯೆಯೇ ಇಲ್ಲಿ ಕೃತಿಯಾಗಿದೆ. ನೋಡುವವನು ಹಗ್ಗದ ಉದ್ದವನ್ನು ಕಣ್ಣಿನಿಂದ ಅನುಸರಿಸುವಾಗ ಅರಿಯದೆಯೇ ಶ್ರಮದ ಕಾಲವನ್ನು ಅಳೆಯುತ್ತಾನೆ.

ಇಲ್ಲಿ ಒಂದು ಆಕ್ಷೇಪ ಸಾಧ್ಯ. ಶೀಲಾ ಗೌಡರ ಕೃತಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಅನಾಮಿಕರನ್ನು ಅನಾಮಿಕರಾಗಿಯೇ ಉಳಿಸುವುದು ಗೌರವವೇ? ಆಕ್ಷೇಪದಲ್ಲಿ ಹುರುಳಿದೆ. ಅಳಿಸಿಹೋದ ಹೆಸರುಗಳನ್ನು ಹುಡುಕಿ ಬರೆಯುವ ಶಿಕಾಗೊ ಅವರ ಕಾರ್ಯ ಚರಿತ್ರಕಾರನಿಗೆ ಇಂದಿಗೂ ಮಾರ್ಗದರ್ಶಕ. ಆದರೆ ಹೆಸರಿನ ಪಟ್ಟಿ ಎಷ್ಟೇ ದೀರ್ಘವಾದರೂ ಎಲ್ಲಿಯೋ ಕೊನೆಗೊಳ್ಳುತ್ತದೆ. ಹೂ ಕಟ್ಟುವವಳು ಅದರ ಆಚೆಗೇ ನಿಲ್ಲುತ್ತಾಳೆ. ಶ್ರಮದ ಪ್ರಮಾಣವನ್ನೇ ಕಣ್ಣಿಗೆ ಕಾಣಿಸುವ ಕೃತಿ ಅವಳನ್ನೂ ಒಳಗೊಳ್ಳಬಲ್ಲದು. ಆದುದರಿಂದ ನಮ್ಮ ಅಳತೆಗೋಲಿಗೆ ಎರಡನೆಯ ಕೃತಿಯೇ ಹೆಚ್ಚು ಹೊಂದುತ್ತದೆ.

ಈ ನಿರ್ಣಯ ಕಲಾಶಾಲೆಗಷ್ಟೇ ಸೀಮಿತವಲ್ಲ. ಕೈಕಸುಬುಗಳನ್ನು ಪರಂಪರೆಯೆಂದು ಪ್ರದರ್ಶಿಸುವ ಉತ್ಸಾಹ ನಮ್ಮ ಜಿಲ್ಲೆಯಲ್ಲೂ ಬೆಳೆದಿದೆ. ಮಲ್ಲಿಗೆ ಕಟ್ಟುವ ಕಸುಬು ಗತಕಾಲದ್ದಲ್ಲ, ಇಂದಿನ ಜೀವನೋಪಾಯ. ಅದನ್ನು ಕೊಂಡಾಡುವವರು ಹೂವಿನ ಕಂಪನ್ನು ಹೇಳಿ ನಿಲ್ಲಿಸದೆ, ಒಂದು ಅಟ್ಟೆಗೆ ತಗಲಿದ ಗಂಟೆಗಳನ್ನೂ ಕಟ್ಟಿದವಳಿಗೆ ಸಂದ ಕೂಲಿಯನ್ನೂ ಜೊತೆಯಲ್ಲಿಯೇ ತೋರಿಸಬೇಕು. ಈ ಲೆಕ್ಕವಿಲ್ಲದ ಗೌರವ ಅಪೂರ್ಣವೆಂದೇ ಹೇಳಬೇಕಾಗುತ್ತದೆ.