ಭಕ್ತಿ ಸರಿ, ಹುದ್ದೆ ಎಲ್ಲಿ?

ಎಲ್‌ಐಸಿ ಕಾಲೊನಿಯ ಗುರುತು ಹೊತ್ತ ಬೆಂಗಳೂರಿನ ಜೀವನ್ ಬಿಮಾ ನಗರದಲ್ಲಿ ಪಿಎಫ್, ಪಿಂಚಣಿಯ ಲೆಕ್ಕ ಮನೆಮಾತು. ಇಂಥ ಮನೆಯ ಮಗಳು ‘ಇದು ದೇವರ ಕೆಲಸ, ಕಾಡು ಉಳಿಸೋಕೆ ಹೋಗ್ತೀನಿ’ ಎಂದರೆ ಅಪ್ಪ ಮೊದಲು ಕೇಳುವುದು ‘ಸಂಬಳ ಎಷ್ಟಮ್ಮ?’ ಎಂದು. ಈ ಪ್ರಶ್ನೆಗೆ ಮೂಗು ಮುರಿಯುವವರುಂಟು. ನನಗಂತೂ ಇದೇ ಸರಿಯಾದ ಪ್ರಶ್ನೆ.

ನಂಬಿಕೆಯನ್ನು ವೃತ್ತಿಯಾಗಿಸಿದ ಮಾದರಿಗಳು ಇಲ್ಲದಿಲ್ಲ. ಆಂಗ್ಲಿಕನ್ ಪಾದ್ರಿ ಪೀಟರ್ ಹ್ಯಾರಿಸ್ 1983ರಲ್ಲಿ ಪೋರ್ಚುಗಲ್‌ನಲ್ಲಿ ಆರಂಭಿಸಿದ ‘ಎ ರೋಶಾ’ ಸಂಸ್ಥೆಯ ಭಾರತೀಯ ಶಾಖೆ ನಮ್ಮ ಬನ್ನೇರುಘಟ್ಟದ ಅಂಚಿನಲ್ಲೇ ಆನೆ–ಮಾನವ ಸಂಘರ್ಷದ ಅಧ್ಯಯನಕ್ಕೆ ಇಳಿಯಿತು. ಈ ಕ್ಷೇತ್ರದ ಕೆಲಸಕ್ಕೆ ಪ್ರವಚನ ಸಾಲದು. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆಗಳು ಹೊಲಕ್ಕೆ ಇಳಿಯುತ್ತವೆ. ಬೆಳಗಾದರೆ ಯಾರಾದರೂ ಟೇಪು ಹಿಡಿದು ತುಳಿದ ಪೈರಿನ ಉದ್ದಗಲ ಅಳೆಯಬೇಕು. ಕೆಸರಿನಲ್ಲಿ ಮೂಡಿದ ಮುಂಗಾಲಿನ ಹೆಜ್ಜೆಯ ಸುತ್ತಳತೆ ಹಿಡಿಯಬೇಕು. ಅದರ ಎರಡರಷ್ಟು ಸುಮಾರಾಗಿ ಆನೆಯ ಭುಜದೆತ್ತರ; ಬಂದದ್ದು ಮರಿಯೋ ಸಲಗವೋ ಎಂಬ ಅಂದಾಜು ಅಲ್ಲಿಂದಲೇ. ಪಕ್ಕದಲ್ಲಿ ನಿಂತ ರೈತನ ಬೈಗುಳವನ್ನೂ ಕೇಳಿಸಿಕೊಳ್ಳಬೇಕು. ನಂಬಿಕೆ ಇಲ್ಲಿ ಕೊಡುವುದು ತಾಳ್ಮೆಯನ್ನು, ಅಳತೆಯ ವಿದ್ಯೆಯನ್ನಲ್ಲ. ಆ ವಿದ್ಯೆ ಬೇಕೆಂದರೆ ಇದೇ ಊರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವನ್ಯಜೀವಿ ಸ್ನಾತಕೋತ್ತರ ಪದವಿ ಇದೆ, ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ.

ಹಾಗೆಂದು ಧರ್ಮದ ಬಲವನ್ನು ಕಡೆಗಣಿಸುವಂತಿಲ್ಲ. ಉತ್ತರ ಕನ್ನಡದ ಬೇಡ್ತಿ ಕಣಿವೆಯ ಪರವಾಗಿ ಸೋಂದೆಯ ಸ್ವರ್ಣವಲ್ಲೀ ಮಠದ ಸ್ವಾಮೀಜಿ ದನಿ ಎತ್ತಿದಾಗ ಸೇರಿದ ಜನವನ್ನು ಯಾವ ಸಂಶೋಧನಾ ವರದಿಯೂ ಸೇರಿಸಲಾರದು. ಆದರೆ ಭಕ್ತಿಯೊಂದೇ ಕಾವಲಾಗಿದ್ದರೆ ಕೊಡಗಿನ ದೇವರಕಾಡುಗಳು ಕರಗುತ್ತಿರಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ 6,000 ಹೆಕ್ಟೇರ್ ಮೀರಿದ್ದ ಅವು 1985ರ ಹೊತ್ತಿಗೆ ಸುಮಾರು 2,550ಕ್ಕೆ ಇಳಿದವು. ದೇವರು ಅಲ್ಲೇ ಇದ್ದ, ಒತ್ತುವರಿಯೂ ನಡೆಯಿತು.

ನನ್ನ ಮುಖ್ಯ ತಕರಾರು ‘ಸೇವೆ’ ಎಂಬ ಹೆಸರಿನಲ್ಲಿ ನಡೆಯುವ ಜುಗ್ಗತನದ ಬಗ್ಗೆ. ಸೇವೆ ಅಂದಮೇಲೆ ಸಂಬಳ ಕೇಳಬಾರದು, ಕಾಡಿನಲ್ಲಿ ಬಿದ್ದು ಕೈ ಮುರಿದರೆ ವಿಮೆ ಕೇಳಬಾರದು! ಹೀಗಾದರೆ ಈ ದಾರಿ ಉಳ್ಳವರ ಮಕ್ಕಳಿಗೆ ಮಾತ್ರ. ಮಠ, ದೇವಸ್ಥಾನ, ಚರ್ಚು, ವಕ್ಫ್‌ಗಳ ಕೈಯಲ್ಲಿ ಭೂಮಿಯಿದೆ, ತೋಟವಿದೆ, ಕಲ್ಯಾಣಿಗಳಿವೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಪರಿಸರ ಕುರಿತ ‘ಲೌದಾತೊ ಸಿ’ ಪತ್ರ ಹೊರಡಿಸಿದ ಮೇಲೆ ಪರಿಸರದ ಮಾತು ಆರಾಧನೆಯೊಳಗೂ ಬಂತು. ಮಾತು ಬಂದಷ್ಟು ಬೇಗ ಹುದ್ದೆ ಬರಲಿಲ್ಲ. ಆ ಪತ್ರದ ಮರುವರ್ಷವೇ ಜೀವನ್ ಬಿಮಾ ನಗರಕ್ಕೆ ಹತ್ತಿರದ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಕೆರೆಯ ಸುತ್ತ ದೇವರ ಮನೆಗಳಿಗೇನೂ ಕೊರತೆಯಿರಲಿಲ್ಲ.

ನಮ್ಮ ಪೂರ್ವ ಬೆಂಗಳೂರಿನ ಧಾರ್ಮಿಕ ಸಂಸ್ಥೆಗಳು ತಮ್ಮ ಲೆಕ್ಕಿಗನಿಗೆ ಕೊಡುವಷ್ಟೇ ಸಂಬಳದಲ್ಲಿ, ಪಿಎಫ್ ಸಮೇತ, ಒಬ್ಬೊಬ್ಬ ಪರಿಸರತಜ್ಞರನ್ನು ನೇಮಿಸಿಕೊಳ್ಳಲಿ. ನಿಮ್ಮ ಸಂಸ್ಥೆಯ ಮುಂದಿನ ವಾರ್ಷಿಕ ಸಭೆಯಲ್ಲಿ ಈ ಮಾತನ್ನು ಎತ್ತಿ, ಆಡಳಿತ ಮಂಡಳಿಯ ಉತ್ತರವನ್ನು ನಡಾವಳಿಯಲ್ಲಿ ಬರೆಸಿ.