ನೀರು ಹೊರುತ್ತದೆ, ಗಾಳಿ ತಣಿಸುತ್ತದೆ

ಪ್ರೊಸೆಸರನ್ನು ನೀರಿನಿಂದ ತಣಿಸುವ ಎಐಒ ಕೂಲರ್‌ಗೆ 240 ಮಿಲಿಮೀಟರ್ ರೇಡಿಯೇಟರ್ ಸಾಕೋ, 360 ಬೇಕೋ ಎಂಬುದನ್ನು ಈ ವಾರ ಇತ್ಯರ್ಥ ಮಾಡುತ್ತೇನೆಂದು ಹೇಳಿದ್ದೆ. ಅಷ್ಟರಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಓದುಗರ ಪತ್ರಗಳು ಬಂದಿವೆ. ಎಲ್ಲರದೂ ಒಂದೇ ಅಳಲು: ‘ಇಷ್ಟು ದುಡ್ಡು ಕೊಟ್ಟು ಎಐಒ ಹಾಕಿಸಿದರೂ ರೆಂಡರ್‌ಗೆ ಬಿಟ್ಟರೆ ಪ್ರೊಸೆಸರ್ 95 ಡಿಗ್ರಿ ಮುಟ್ಟುತ್ತದೆ ಸರ್, ಕೂಲರ್ ಕೆಟ್ಟಿದೆಯೇ?’ ಬಹುಪಾಲು ಕೆಟ್ಟಿರುವುದಿಲ್ಲ. ನಾನು ಅವರಿಗೆ ತಿರುಗಿ ಕೇಳುವುದು ಒಂದೇ ಮಾತು: ನಿಮ್ಮ ಕೋಣೆ ಎಷ್ಟು ಡಿಗ್ರಿಯಲ್ಲಿದೆ?

ಈ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ಐಸಾಕ್ ನ್ಯೂಟನ್ 1701ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ, ಹೆಸರು ಹಾಕದೆ, ಲ್ಯಾಟಿನ್ನಿನಲ್ಲಿ ಪ್ರಕಟಿಸಿದ ಪುಟ್ಟ ಲೇಖನ. ಅಗಸೆ ಎಣ್ಣೆ ತುಂಬಿದ ಥರ್ಮಾಮೀಟರ್ ಅಳೆಯಲಾರದಷ್ಟು ಶಾಖವನ್ನು ಅಳೆಯಲು ಆತ ಕಬ್ಬಿಣದ ಗಟ್ಟಿಯೊಂದನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತಂದು ತಣ್ಣನೆಯ ಜಾಗದಲ್ಲಿಟ್ಟ. ಅದರ ಮೇಲೆ ಲೋಹದ ಚೂರುಗಳನ್ನಿಟ್ಟು, ಕರಗಿದ್ದು ಯಾವಾಗ ಗಟ್ಟಿಯಾಯಿತೆಂದು ಹೊತ್ತು ನೋಡಿದ. ಕಬ್ಬಿಣವನ್ನು ಆತ ಇಟ್ಟದ್ದು ಸದಾ ಗಾಳಿ ಬೀಸುವ ಕಡೆ, ನಿಂತ ಗಾಳಿಯಲ್ಲಲ್ಲ. ಕಾದ ಗಾಳಿ ಅಲ್ಲೇ ಸುತ್ತಿಕೊಂಡಿರದೆ ಸರಿದುಹೋಗಿ, ಆ ಜಾಗಕ್ಕೆ ಹೊಸ ಗಾಳಿ ಬರುತ್ತಲೇ ಇರಬೇಕೆಂಬುದು ಆತನ ಲೆಕ್ಕ. ಹಾಗಿದ್ದಾಗ, ವಸ್ತುವು ಸುತ್ತಲಿಗಿಂತ ಎಷ್ಟು ಹೆಚ್ಚು ಬಿಸಿಯಾಗಿದೆಯೋ ಅಷ್ಟೇ ಪ್ರಮಾಣದಲ್ಲಿ ಶಾಖ ಬಿಟ್ಟುಕೊಡುತ್ತದೆ ಎಂದ. ಕಂಪ್ಯೂಟರ್ ತಣಿಸುವವರಿಗೆ ಇದಕ್ಕಿಂತ ದೊಡ್ಡ ಪಾಠ ಇವತ್ತಿಗೂ ಇಲ್ಲ.

ಎಐಒ ಒಳಗಿನ ನೀರು ಶಾಖವನ್ನು ನುಂಗಿಬಿಡುವುದಿಲ್ಲ. ತಾಮ್ರದ ತಟ್ಟೆಯಿಂದ ಎತ್ತಿಕೊಂಡು ರೇಡಿಯೇಟರ್‌ವರೆಗೆ ಹೊತ್ತು ತರುತ್ತದೆ, ಅಷ್ಟೆ. ಅಲ್ಲಿಂದ ಮುಂದಿನ ಕೆಲಸವೆಲ್ಲ ಕೋಣೆಯ ಗಾಳಿಯದು. 25 ಡಿಗ್ರಿಯ ಕೋಣೆಯಲ್ಲಿ 70ಕ್ಕೆ ನಿಲ್ಲುವ ಚಿಪ್, ಅಷ್ಟೇ ವ್ಯಾಟ್ ಎಳೆದರೆ 40 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 85ಕ್ಕೆ ನಿಲ್ಲುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ಯಾವ ಕಂಪನಿಯ ಪಂಪ್ ಬಂದರೂ ಈ ಲೆಕ್ಕ ತಪ್ಪದು.

ಆದ್ದರಿಂದಲೇ ಗಾಜಿನ ಪಂಥದವರ ಮೇಲೆ ನನ್ನ ಹಳೆಯ ತಕರಾರು ಇನ್ನೂ ತೀರಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕ್ಯಾಬಿನೆಟ್ ನೋಡಿ: ಎದುರಿಗೆ ಗಾಜು, ಪಕ್ಕಕ್ಕೆ ಗಾಜು, ಪಂಪಿನ ತಲೆಯ ಮೇಲೆ ಚಿತ್ರ ಓಡುವ ಪರದೆ. ಆ ಗಾಜಿನ ಹಿಂದೆ ರೇಡಿಯೇಟರ್ ಕೂರಿಸಿದರೆ ಫ್ಯಾನ್‌ಗಳಿಗೆ ಉಸಿರಾಡಲು ಉಳಿಯುವುದು ಅಂಚಿನ ಒಂದು ಸಂದು. ಬಿಟ್ಟ ಬಿಸಿಗಾಳಿಯನ್ನೇ ಅವು ಮತ್ತೆ ಎಳೆದುಕೊಳ್ಳುತ್ತವೆ. ನ್ಯೂಟನ್ ಯಾವ ನಿಂತ ಗಾಳಿ ಬೇಡವೆಂದನೋ ಅದನ್ನು ಇವರು ದುಡ್ಡು ಕೊಟ್ಟು ತರುತ್ತಾರೆ. ಪರದೆಗೆ ಕೊಡುವ ಹಣದಲ್ಲಿ ಜಾಲರಿ ಮುಖದ ಒಳ್ಳೆಯ ಕ್ಯಾಬಿನೆಟ್ ಬರುತ್ತದೆ.

ಈಚೆಗೆ ಗೆಳೆಯರೊಬ್ಬರ ಯಂತ್ರ ಬಿಚ್ಚಿದೆ. ಹೊರಗಿನಿಂದ ರೇಡಿಯೇಟರ್ ಫಳಫಳ. ಫ್ಯಾನಿನ ಸ್ಕ್ರೂ ತೆಗೆದು ಎತ್ತಿದರೆ, ಫ್ಯಾನ್ ಮತ್ತು ರೆಕ್ಕೆಗಳ ನಡುವೆ ಕಂಬಳಿಯ ತುಂಡಿನಂತೆ ಧೂಳಿನ ಪದರ. ಬೆರಳಲ್ಲಿ ಹಿಡಿದೆಳೆದರೆ ಇಡಿಯಾಗಿ ಬಂತು. ಪೇಸ್ಟ್ ಬದಲಿಸಲಿಲ್ಲ, ಪಂಪ್ ಮುಟ್ಟಲಿಲ್ಲ. ಬ್ಲೋವರ್‌ನಿಂದ ಊದಿ ಮತ್ತೆ ಕೂರಿಸಿದ್ದಕ್ಕೇ ಫ್ಯಾನಿನ ಗದ್ದಲ ಇಳಿಯಿತು.

ಪರೀಕ್ಷೆ ಮಾಡುವವರಿಗೂ ಒಂದು ಮಾತು. ಐದು ನಿಮಿಷ ಓಡಿಸಿ ಸಮಾಧಾನಪಡಬೇಡಿ. ಒಳಗಿನ ನೀರೆಲ್ಲ ಕಾದು ಒಂದು ಮಟ್ಟಕ್ಕೆ ನಿಲ್ಲಬೇಕು, ಅದಕ್ಕೆ ಅರ್ಧ ಗಂಟೆಯಾದರೂ ಕೊಡಿ. ಪಂಪ್ ಯಾವತ್ತೂ ರೇಡಿಯೇಟರ್‌ನ ನೆತ್ತಿಗಿಂತ ಕೆಳಗಿರಲಿ. ಕೊಳವೆಗಳ ಮೂಲಕ ನೀರು ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಆರುತ್ತದೆ. ಆ ಜಾಗಕ್ಕೆ ಬಂದ ಗಾಳಿ ಎತ್ತರದಲ್ಲಿ ಸೇರುತ್ತದೆ. ಅಲ್ಲಿ ಪಂಪ್ ಇದ್ದರೆ ಗುಳುಗುಳು ಸದ್ದು, ಕೊನೆಗೆ ಪಂಪೇ ಹೋಗುತ್ತದೆ.

ಇನ್ನು ಕೊಟ್ಟ ಮಾತು. 360ರ ಮೇಲ್ಮೈ 240ರದ್ದರ ಒಂದೂವರೆ ಪಟ್ಟು, ನಿಜ. ಆದರೆ ಚಿಪ್ಪಿನ ಬಿಸಿ ಆ ಲೆಕ್ಕದಲ್ಲಿ ಇಳಿಯುವುದಿಲ್ಲ. ರೈಜೆನ್ 9 7950ಎಕ್ಸ್‌ನ ಶಾಖದ ಬಹುಪಾಲು ತಲಾ ಸುಮಾರು 70 ಚದರ ಮಿಲಿಮೀಟರ್‌ನ ಎರಡು ಸಿಲಿಕಾನ್ ತುಣುಕುಗಳಿಂದ ಹೊರಬೀಳಬೇಕು. ಇಕ್ಕಟ್ಟು ಇರುವುದು ಅಲ್ಲಿ. ಆ ಚಿಪ್ 95 ಡಿಗ್ರಿಯಲ್ಲಿ ನಿಂತು ದುಡಿಯುವಂತೆಯೇ ರೂಪುಗೊಂಡದ್ದು, ಹೆದರಬೇಕಿಲ್ಲ. ಬೇಡವೆನಿಸಿದರೆ ಬಯಾಸ್‌ನಲ್ಲಿ 105 ವ್ಯಾಟ್‌ನ ಇಕೋ ಮೋಡ್ ಹಾಕಿ. 230 ವ್ಯಾಟ್ ಎಳೆಯುತ್ತಿದ್ದದ್ದು 142ಕ್ಕೆ ಇಳಿಯುತ್ತದೆ, ವೇಗದಲ್ಲಿ ಕಳೆದುಕೊಳ್ಳುವುದು ಅಲ್ಪ.

ನನ್ನ ತೀರ್ಪು ಇಷ್ಟು. ಇಂಟೆಲ್ 14900ಕೆ, ರೈಜೆನ್ 7950ಎಕ್ಸ್ ಇಟ್ಟುಕೊಂಡು ದಿನವಿಡೀ ರೆಂಡರ್ ಮಾಡುವ ಬಿಸಿಲೂರಿನವರು 360 ಕೊಳ್ಳಿ, ಅದನ್ನು ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲೇ ಕೂರಿಸಿ. ಗೇಮ್ ಆಡುವುದಕ್ಕಷ್ಟೇ 7800ಎಕ್ಸ್3ಡಿ ತಂದವರಿಗೆ ಒಳ್ಳೆಯ ಟವರ್ ಕೂಲರ್ ಸಾಕು, ನೀರೇ ಬೇಡ. ಯಾವುದನ್ನೇ ಕೊಳ್ಳುವ ಮೊದಲು ಈ ಭಾನುವಾರ ಫ್ಯಾನ್ ಬಿಚ್ಚಿ ಧೂಳು ತೆಗೆಯಿರಿ.